ಖಾಲಿ ಮಂಚಗಳ ವರದಿ

ಮಾರ್ಚ್ 4

ಊರಿಗೆಲ್ಲ ಸಿಸ್ಟರ್ ಆದವಳಿಗೆ, ಅವಳ ಒಬ್ಬನೇ ಒಬ್ಬ ಗಂಡ ಬರೆಯುವ ಕಾಗದ.

ಡ್ರೈವರಣ್ಣ ಟೀ ಕುಡಿಯಲು ಹೋಗಿದ್ದಾನೆ. ಅವನು ಬರುವಷ್ಟರಲ್ಲಿ ಬರೆದು ಕೊಟ್ಟರೆ ಒಯ್ಯುತ್ತಾನಂತೆ, ಇಲ್ಲದಿದ್ದರೆ ಇನ್ನು ಮುಂದಿನ ವಾರವೇ. ಪ್ರವಾಹಕ್ಕೆ ಬಿದ್ದ ನಿಮ್ಮ ಕಡೆಯ ಟವರನ್ನು ಎತ್ತಿ ನಿಲ್ಲಿಸುವ ಯೋಚನೆ ಯಾರಿಗೂ ಇದ್ದಂತಿಲ್ಲ. ಸಲೈನ್, ಸೋಪು, ಬ್ಲೀಚಿಂಗ್ ಪೌಡರ್ ಹೊತ್ತು ವಾರಕ್ಕೊಮ್ಮೆ ಹೊರಡುವ ಈ ಲಾರಿಯೇ ಸದ್ಯಕ್ಕೆ ನಮ್ಮಿಬ್ಬರ ಫೋನು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಚೂಟಿಯ ಜಡೆಯೊಂದನ್ನು ಬಿಟ್ಟು. ನಾನು ಹಾಕಿದರೆ ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಬೆನ್ನ ಮೇಲೆ. ಅಜ್ಜಿ ಹಾಕಿದರೆ ಎಷ್ಟು ಬಿಗಿ ಎಂದರೆ ಮಗುವಿನ ಹುಬ್ಬು ಮೇಲೆ ಹೋಗಿ, ಏನೋ ಆಶ್ಚರ್ಯದ ಸುದ್ದಿ ಕೇಳಿದವಳ ಮುಖ ಮಾಡಿಕೊಂಡು ಇಡೀ ದಿನ ಶಾಲೆಯಲ್ಲಿ ಕೂರುತ್ತಾಳೆ. ಆರು ವರ್ಷದ ಹುಡುಗಿಗೆ ಇಷ್ಟುದ್ದ ಕೂದಲು ಯಾಕೆ ಬಿಟ್ಟೆ ತಾಯಿ?

ಇನ್ನು ಆಫೀಸು. ನೀವು ಅಲ್ಲಿ ಕಾಲರಾ ಜೊತೆ ಗುದ್ದಾಡುವುದು, ನಾನು ಇಲ್ಲಿ ಕೂತು ಅದನ್ನು ದಾನಿಗಳ ಭಾಷೆಯಲ್ಲಿ ಬರೆಯುವುದು, ಇದು ನಡೆದೇ ಇದೆ. ಹೋದ ವರದಿಯಲ್ಲಿ ‘ಜನ ಹೆದರಿದ್ದಾರೆ’ ಎಂದು ಬರೆದಿದ್ದೆ. ನಮ್ಮ ನಿರ್ದೇಶಕಿ ಮೇಡಂ ಅದನ್ನು ಹೊಡೆದುಹಾಕಿ ‘ಸಮುದಾಯದಲ್ಲಿ ಆತಂಕದ ವಾತಾವರಣ ನೆಲೆಸಿದೆ’ ಎಂದು ಮಾಡಿದರು. ವಾಂತಿ ಮಾಡಿಕೊಂಡು ಮಲಗಿದವನು ನಮ್ಮ ಕಡತದಲ್ಲಿ ಫಲಾನುಭವಿ. ಯಾವ ಫಲವೋ, ಯಾವ ಅನುಭವವೋ.

ಈ ತಿಂಗಳ ಕೊನೆಗೆ ಮೂರನೇ ಕಂತಿನ ವರದಿ ಹೋಗಬೇಕು. ರೋಗ ಇಳಿದಿದೆ ಎಂದು ವರದಿ ಹೇಳಿದರೆ ದಾನಿಗಳು ಶಿಬಿರ ಮುಚ್ಚಿಸುತ್ತಾರೆ, ನೀನು ಏಪ್ರಿಲ್‌ನಲ್ಲೇ ಮನೆಯಲ್ಲಿ. ಇಳಿದಿಲ್ಲ ಎಂದರೆ ಮೂರನೇ ಕಂತಿನ ಹಣ ಬರುತ್ತದೆ, ನೀನು ಮಳೆಗಾಲ ಮುಗಿಯುವವರೆಗೂ ಅಲ್ಲೇ. ಅಂಕಿಅಂಶವನ್ನು ನಿಮ್ಮ ಶಿಬಿರದ ಗುಮಾಸ್ತರು ಕಳಿಸುತ್ತಾರೆ, ಅದರ ಗೊಡವೆ ನಿನಗೆ ಬೇಡ. ನಿನ್ನಿಂದ ಬೇಕಾದದ್ದು ಒಂದೇ: ಗುಣವಾದ ಯಾರಾದರೊಬ್ಬರ ಕಥೆ, ಫೋಟೋ ಸಮೇತ. ಪ್ರತಿ ವರದಿಯಲ್ಲೂ ಒಂದು ಇರಲೇಬೇಕು, ಮುಖ ನಗುತ್ತಿರಬೇಕು.

ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ನನ್ನ ನೆನಪಾಗುತ್ತದೆಯೇ ಎಂದು ಕೇಳಲು ಹೊರಟಿದ್ದೆ, ಟೈಮಿಲ್ಲ.

ನಿನ್ನವನು


ಮಾರ್ಚ್ 9

ರೀ,

ಜಡೆ ಹಾಕುವ ಮೊದಲು ಕೂದಲಿಗೆ ಸ್ವಲ್ಪ ನೀರು ಚಿಮುಕಿಸಿ, ತುದಿಯಿಂದ ಬಾಚುತ್ತಾ ಮೇಲಕ್ಕೆ ಬನ್ನಿ. ಬುಡದಿಂದ ಎಳೆದರೆ ಯಾವ ಮಗುವಾದರೂ ಅಳುತ್ತದೆ. ಜಡೆ ಹಾಕುವುದು ಮೂಟೆ ಕಟ್ಟುವ ಕೆಲಸ ಅಲ್ಲ ಅಂತ ಅತ್ತೆಗೆ ಹೇಳಿ. ಬೇಡ, ಹೇಳಬೇಡಿ. ನಾನು ಹೇಳಿದೆ ಅಂತಲೂ ಸೇರಿಸಿಬಿಡುತ್ತೀರಿ.

ಶಿಬಿರ ಹೇಗಿದೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದು ಶಾಲೆಯಲ್ಲಿದ್ದೇವೆ. ಬೆಂಚುಗಳನ್ನೆಲ್ಲ ಹೊರಗೆ ಒಟ್ಟಿದ್ದಾರೆ. ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಸಲೈನ್ ಬಾಟಲಿಗಳನ್ನು ನೇತುಹಾಕುತ್ತೇವೆ. ಮಂಚಗಳು ದಪ್ಪ ಪ್ಲಾಸ್ಟಿಕ್ ಬಟ್ಟೆಯವು, ನಡುವೆ ಒಂದು ತೂತು, ಕೆಳಗೆ ಬಕೆಟ್. ಇದಕ್ಕಿಂತ ವಿವರಿಸಿದರೆ ನೀವು ಊಟ ಬಿಡುತ್ತೀರಿ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಟಬ್ಬು, ಅದರಲ್ಲಿ ಕಾಲಿಡದೆ ಒಳಗೂ ಬರುವಂತಿಲ್ಲ, ಹೊರಗೂ ಹೋಗುವಂತಿಲ್ಲ. ಕರಿಹಲಗೆಯ ಮೇಲೆ ಯಾವುದೋ ಮಗು ಬರೆದ ಮಗ್ಗಿ ಹಾಗೇ ಇದೆ. ಏಳೆಂಟ್ಲ ಐವತ್ತನಾಲ್ಕು ಅಂತ ಬರೆದಿದೆ. ತಿದ್ದಲು ಮನಸ್ಸು ಬರಲಿಲ್ಲ.

ಕೆಲಸ ಹೇಳಿಕೊಳ್ಳುವಷ್ಟೇನಿಲ್ಲ. ಅರ್ಧ ಮಂಚಗಳು ಖಾಲಿ. ಆ ಕಡೆ ಒಂದು ಹಗ್ಗ ಕಟ್ಟಿ ನಮ್ಮ ಬಟ್ಟೆ ಒಣಹಾಕಿಕೊಂಡಿದ್ದೇವೆ. ಮಧ್ಯಾಹ್ನ ಒಂದು ನಿದ್ದೆ ಕೂಡ ಆಗುತ್ತದೆ. ದಪ್ಪಗಾಗಿ ಬಂದರೆ ಯಾರಪ್ಪ ಇವಳು ಅನ್ನಬೇಡಿ.

ಕಥೆ ಬೇಕು ಅಂದಿರಲ್ಲ, ಇಲ್ಲಿ ಒಬ್ಬ ದರ್ಜಿ ಇದ್ದಾನೆ. ಮೊನ್ನೆ ಎತ್ತಿಕೊಂಡು ಬಂದಾಗ ಕಣ್ಣು ಒಳಗೆ ಹೋಗಿತ್ತು, ನಾಡಿ ಸಿಗುತ್ತಿರಲಿಲ್ಲ. ಎರಡು ಕೈಗೂ ಸಲೈನ್ ಏರಿಸಿದೆವು. ಸಂಜೆಗೆ ಕಣ್ಣು ಬಿಟ್ಟವನೇ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿ, “ಸ್ವಾಮಿ, ಆ ಕೋಟು ನಿಮ್ಮ ಅಳತೆದಲ್ಲ, ಭುಜ ಎರಡು ಬೆರಳು ಇಳಿದಿದೆ” ಅಂದ. ಈಗ ಮಲಗಿದಲ್ಲೇ ಎಲ್ಲರ ಅಳತೆ ಕಣ್ಣಲ್ಲೇ ತೆಗೆಯುತ್ತಾನೆ. ನನಗೆ, ಸಿಸ್ಟರಮ್ಮ, ನೀವು ಬಂದಾಗಿನಿಂದ ಸೊಂಟದಲ್ಲಿ ಒಂದಿಂಚು ಕಮ್ಮಿ ಆಗಿದ್ದೀರಿ ಅಂದ. ಅವನ ಕಣ್ಣಿಗೆ ಇನ್ನೂ ಜ್ವರ ಇರಬೇಕು. ಫೋಟೋ ಮುಂದಿನ ಲಾರಿಗೆ ಕಳಿಸುತ್ತೇನೆ.

ನನ್ನ ಚಿಂತೆ ಬಿಡಿ. ಚೂಟಿಗೆ ಎರಡು ಕೆನ್ನೆಗೂ ಮುತ್ತು.


ಮಾರ್ಚ್ 15

ಮಧ್ಯಾಹ್ನ ನಿದ್ದೆ ಮಾಡುವ ಭಾಗ್ಯವಂತೆಗೆ,

ಹೊಟ್ಟೆ ಉರಿದುಹೋಯಿತು. ನಾನಿಲ್ಲಿ ಬೆಳಿಗ್ಗೆ ಡಬ್ಬಿ ಕಟ್ಟಿ, ಜಡೆ ಹಾಕಿ (ತುದಿಯಿಂದ ಬಾಚಿದೆ, ಮಗು ಅಳಲಿಲ್ಲ), ಬಸ್ಸು ಹಿಡಿದು, ಆಫೀಸಿನಲ್ಲಿ ‘ಮಧ್ಯಪ್ರವೇಶ’ ‘ಸಬಲೀಕರಣ’ ಅಂತ ಗೀಚಿ, ಸಂಜೆ ಬಂದು ಹೋಂವರ್ಕ್ ಮಾಡಿಸುವಷ್ಟರಲ್ಲಿ ಮನುಷ್ಯನಾಗಿ ಉಳಿದಿರುವುದಿಲ್ಲ. ನೀನು ನೋಡಿದರೆ ಖಾಲಿ ಮಂಚಗಳ ಮಧ್ಯೆ ಬಟ್ಟೆ ಒಣಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದೀಯ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಮೂಟೆಯ ಭಾಗ ಬಿಟ್ಟೆ. ಅವರು ಕೇಳಿ, ಅಂತೂ ಅಲ್ಲಿ ಹಾಯಾಗಿದ್ದಾಳೆ ಬಿಡು ಎಂದರು. ಹಾಯಾಗಿರು, ಬೇಡ ಎಂದವರು ಯಾರು. ಸ್ವಲ್ಪ ಕಡಿಮೆ ಹಾಯಾಗಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ದರ್ಜಿ ನನಗೆ ತುಂಬಾ ಹಿಡಿಸಿದ. ಆಗಲೇ ಅವನ ಬಗ್ಗೆ ಒಂದು ಪುಟ ಬರೆದಿದ್ದೇನೆ. ಮೇಡಂ ಕೂಡ ನಕ್ಕರು, ಅವರು ನಗುವುದು ವರ್ಷಕ್ಕೊಮ್ಮೆ. ಫೋಟೋ ಬೇಗ ಕಳಿಸು. ಡಾಕ್ಟರ ಕೋಟೂ ಅದರಲ್ಲಿ ಬರಲಿ.

ಒಂದು ತಲೆನೋವು ಇದೆ. ನಿಮ್ಮ ಗುಮಾಸ್ತರು ತಾವೇ ಕಾಯಿಲೆ ಬಿದ್ದು ಪಟ್ಟಣದ ಆಸ್ಪತ್ರೆಗೆ ಹೋಗಿದ್ದಾರಂತೆ. ಹೊಸ ಅಂಕಿಅಂಶ ಬಂದಿಲ್ಲ. ಮೇಡಂ ದಿನಕ್ಕೆ ನಾಲ್ಕು ಸಲ ನನ್ನ ಮೇಜಿನ ಹತ್ತಿರ ಬಂದು ನಿಂತು ಹೋಗುತ್ತಾರೆ. ಹೇಗೋ ಹೊಂದಿಸೋಣ.

ಚೂಟಿಯ ಮುಂದಿನ ಹಲ್ಲು ಅಲುಗಾಡುತ್ತಿದೆ. ಅಮ್ಮ ಬರುವವರೆಗೆ ಬೀಳಬಾರದು ಎಂದು ಅದನ್ನು ನಾಲಿಗೆಯಿಂದ ಒತ್ತಿ ಹಿಡಿದುಕೊಂಡೇ ಮಾತಾಡುತ್ತಾಳೆ. ಏನು ಹೇಳುತ್ತಾಳೆಂದು ಮನೆಯಲ್ಲಿ ಯಾರಿಗೂ ತಿಳಿಯುತ್ತಿಲ್ಲ.

ನಿನ್ನವನು


ಮಾರ್ಚ್ 21

ರೀ,

ಲಾರಿ ಹೊರಡುತ್ತಿದೆ, ಎರಡೇ ಮಾತು. ನಾನು ಆರಾಮ. ಇಲ್ಲಿ ಎಲ್ಲ ಮೊದಲಿನ ಹಾಗೇ ಇದೆ. ದರ್ಜಿ ಗುಣವಾಗಿ ಮನೆಗೆ ನಡೆದುಕೊಂಡೇ ಹೋದ. ಫೋಟೋ ತೆಗೆಯಲು ಆಗಲಿಲ್ಲ, ಬೇರೆ ಯಾರದ್ದಾದರೂ ಹಾಕಿಕೊಳ್ಳಿ. ಅವನ ಕಥೆಯೇ ಬೇಡ ಅನ್ನಿಸುತ್ತೆ ನನಗೆ.

ಅಂಕಿಅಂಶ ಡಾಕ್ಟರು ನೋಡಿಕೊಳ್ಳುತ್ತಾರೆ, ಅವರಿಗೆ ನೆನಪಿಸಿದ್ದೇನೆ. ಅವರು ಎರಡು ಶಿಬಿರದ ಮಧ್ಯೆ ಓಡಾಡುತ್ತಿದ್ದಾರೆ.

ಹಲ್ಲನ್ನು ಕೈಯಿಂದ ಎಳೆಯಬೇಡಿ. ತಾನಾಗಿಯೇ ಬೀಳಲಿ.


ಏಪ್ರಿಲ್ 8

ನನ್ನ ಹೆಂಡತಿಗೆ,

ಇವತ್ತು ತಮಾಷೆ ಇಲ್ಲದೆ ನೇರ ವಿಷಯಕ್ಕೆ ಬರುತ್ತೇನೆ: ನೀನು ಮನೆಗೆ ಬರುತ್ತೀಯ.

ಮೂರು ವಾರ ಬರೆಯಲಿಲ್ಲ, ವರದಿಯಲ್ಲಿ ಮುಳುಗಿದ್ದೆ. ನಿನ್ನಿಂದಲೂ ಕಾಗದ ಇರಲಿಲ್ಲ. ವರದಿ ಬರೆಯುವ ಮುಂಚೆ ಲಾರಿ ಬಂದಾಗ, ಸಿಸ್ಟರ್ ಏನಾದರೂ ಕೊಟ್ಟರಾ ಎಂದು ಡ್ರೈವರಣ್ಣನನ್ನು ಕೇಳಿದೆ. ಇಲ್ಲ ಸಾರ್ ಎಂದ. ನಾನು ಹೋದಾಗಲೆಲ್ಲ ಅವರು ಕೂತಿದ್ದನ್ನೇ ನೋಡಿಲ್ಲ ಎಂದ. ಮನೆಯಲ್ಲೂ ಅಷ್ಟೇ ಕಣಯ್ಯ, ಕೆಲಸ ಇಲ್ಲದಿದ್ದರೆ ಒರೆಸಿದ ಮೇಜನ್ನೇ ಇನ್ನೊಂದು ಸಲ ಒರೆಸುವವಳು ಅವಳು ಎಂದೆ.

ಡಾಕ್ಟರ ಅಂಕಿಅಂಶ ಕೊನೆಗೂ ಬರಲಿಲ್ಲ. ಮೂವತ್ತನೇ ತಾರೀಖು ಬಂದೇಬಿಟ್ಟಿತು. ಮೇಡಂ ಕರೆದು, “ನಿಮ್ಮ ಮನೆಯವರೇ ಅಲ್ಲಿ ಇನ್‌ಚಾರ್ಜ್ ಅಲ್ವಾ, ಅವರೇನು ಹೇಳ್ತಾರೆ?” ಎಂದರು. ನಿನ್ನ ಕಾಗದಗಳು ಬ್ಯಾಗಿನಲ್ಲೇ ಇದ್ದವು, ಯಾವಾಗಲೂ ಇರುತ್ತವೆ. ಹೇಳಿದೆ. ‘ಹಾಸಿಗೆಗಳಲ್ಲಿ ಅರ್ಧದಷ್ಟು ತೆರವಾಗಿದ್ದು, ಸೋಂಕು ಇಳಿಮುಖವಾಗಿರುವುದನ್ನು ಸ್ಥಳೀಯ ಸಿಬ್ಬಂದಿ ದೃಢಪಡಿಸಿದ್ದಾರೆ’ ಎಂದು ಬರೆದೆ. ಸ್ಥಳೀಯ ಸಿಬ್ಬಂದಿ ಎಂದರೆ ನೀನು. ದರ್ಜಿಯನ್ನೂ ಬಿಡಲಿಲ್ಲ, ಫೋಟೋ ಇಲ್ಲದೆಯೇ ಹಾಕಿದೆ. ಗುಣಮುಖನಾಗಿ ಸ್ವತಃ ನಡೆದು ಮನೆ ಸೇರಿದ ಎಂಬಲ್ಲಿಗೆ ಕಥೆ ಮುಗಿಸಿದೆ.

ದಾನಿಗಳಿಂದ ನಿನ್ನೆ ಉತ್ತರ ಬಂತು. ತುಂಬಾ ಮೆಚ್ಚಿದ್ದಾರೆ. ಮೂರನೇ ಕಂತಿನ ಅಗತ್ಯ ಕಾಣುವುದಿಲ್ಲವಂತೆ. ಈ ಲಾರಿಯಲ್ಲಿ ಸಲೈನ್ ಇರುವುದಿಲ್ಲ, ಮುಚ್ಚುವ ಮುನ್ನ ತೊಳೆದು ಶುಚಿ ಮಾಡುವ ಸಾಮಾನು ಮಾತ್ರ. ಇರುವ ದಾಸ್ತಾನು ಮುಗಿಸಿ ತಿಂಗಳ ಕೊನೆಗೆ ಎಲ್ಲರೂ ಹೊರಡಬಹುದು.

ಚೂಟಿ ನಿನ್ನ ದಿಂಬಿಗೆ ಹೊಸ ಕವರ್ ಹಾಕಿಸಿದಳು. ಅಮ್ಮ ನನ್ನ ಅಂಗಿಗಳನ್ನೆಲ್ಲ ಬೀರುವಿನ ಒಂದು ಮೂಲೆಗೆ ಒತ್ತಿ ನಿನ್ನ ಕಡೆಯನ್ನು ಖಾಲಿ ಮಾಡಿದರು. ಜಡೆಯ ವಿಷಯಕ್ಕೆ ಬೇಕಾದರೆ ಕಾಲಿಗೆ ಬೀಳುತ್ತೇನೆ, ನೀನು ಬಂದುಬಿಡು.

ನಿನ್ನವನು


ಏಪ್ರಿಲ್ 11

ಇವರಿಗೆ,

ಲಾರಿ ಬಂದಾಗ ನಿಮ್ಮ ಕಾಗದಕ್ಕಿಂತ ಮೊದಲು ಹಿಂಬಾಗಿಲು ತೆಗೆದೆವು. ಪೌಡರ್, ಪೊರಕೆ, ಸೋಪು. ಒಳಗೆ ಹತ್ತಿ ಮೂಲೆ ಮೂಲೆ ನೋಡಿದೆ. ಡ್ರೈವರಣ್ಣನನ್ನು ಬೈದೆ, ಪಾಪ. ಅವನು ಜೇಬಿನಿಂದ ನಿಮ್ಮ ಕಾಗದ ತೆಗೆದುಕೊಟ್ಟ.

ಅಲ್ಲೇ ನಿಂತು ಓದಿದೆ. ಇದನ್ನು ಯಾರು ಬರೆಯಲು ಹೇಳಿದರು ನಿಮಗೆ ಎಂದು ಕೂಗಬೇಕೆನ್ನಿಸಿತು. ಆಮೇಲೆ ಹೊಳೆಯಿತು, ನಾನೇ.

ಈಗ ಕೇಳಿ. ಅರ್ಧ ಮಂಚ ಖಾಲಿ ಇದ್ದದ್ದು ನಾನು ಬಂದ ಮೊದಲ ವಾರ ಮಾತ್ರ. ಮಾರ್ಚ್ ಒಂಬತ್ತಕ್ಕೆ ನಿಮಗೆ ಬರೆಯುವಾಗಲೇ ಒಂದು ಮಂಚವೂ ಖಾಲಿ ಇರಲಿಲ್ಲ. ಈಗ ಹೊರಗೆ ಒಟ್ಟಿದ್ದ ಬೆಂಚುಗಳನ್ನು ಒಳಗೆ ತಂದು ಜೋಡಿಸಿ ಮಲಗಿಸುತ್ತಿದ್ದೇವೆ. ವರಾಂಡದಲ್ಲಿ ನೆಲದ ಮೇಲಿದ್ದಾರೆ. ಮಧ್ಯಾಹ್ನ ನಿದ್ದೆ ಮಾಡುವುದಿರಲಿ, ಊಟಕ್ಕೆ ಕೂತದ್ದು ಯಾವಾಗ ಎಂದು ನೆನಪಿಲ್ಲ. ಬ್ಲೀಚಿಂಗ್ ನೀರಿಗೆ ಕೈಬೆರಳೆಲ್ಲ ಸೀಳಿದೆ. ಅದಕ್ಕೇ ಇಪ್ಪತ್ತೊಂದಕ್ಕೆ ಎರಡೇ ಮಾತು ಬರೆದದ್ದು, ಅದಕ್ಕೇ ಆಮೇಲೆ ಬರೆಯದೇ ಇದ್ದದ್ದು.

ದರ್ಜಿ ಮನೆಗೆ ಹೋಗಲಿಲ್ಲ. ನಿಮಗೆ ಅವನ ಕಥೆ ಬರೆದ ಮಾರನೇ ದಿನವೇ ಮೂತ್ರ ನಿಂತುಹೋಯಿತು. ಕಿಡ್ನಿ ಎಂದರು ಡಾಕ್ಟರು. ಮೂರು ದಿನ ಇದ್ದ. ನೀವು ಅವನು ಹಿಡಿಸಿದ, ಮೇಡಂ ನಕ್ಕರು ಎಂದೆಲ್ಲ ಬರೆದಿದ್ದಿರಿ. ಸತ್ತ ಎಂದು ಬರೆಯಲು ನನ್ನ ಕೈ ಬರಲಿಲ್ಲ.

ಯಾಕೆ ಸುಳ್ಳು ಹೇಳಿದೆ ಎಂದರೆ, ನೀವು ಹೆದರುತ್ತೀರಿ ಅಂತ. ನನಗೆ ಒಂದು ಸಣ್ಣ ಜ್ವರ ಬಂದರೆ ಮೂರು ಥರ್ಮಾಮೀಟರ್ ತರುವವರು ನೀವು. ನೀವು ಹೆದರಿದರೆ ಮಗು ಹೆದರುತ್ತೆ, ಅತ್ತೆ ಊಟ ಬಿಡುತ್ತಾರೆ. ನಿಮಗೆ ಬರೆದದ್ದು ನಿಮಗೆ ಮಾತ್ರ ರೀ, ಮನೆಗೆ ಬರೆದದ್ದು. ದಾನಿಗಳಿಗೆ ಸತ್ಯ ಹೋಗಿರುತ್ತದೆ ಎಂದುಕೊಂಡೆ. ಅಂಕಿಅಂಶ ಡಾಕ್ಟರು ಕಳಿಸಿದ್ದಾರೆ ಎಂದು ನಾನು, ಇವಳು ಗಂಡನಿಗೆ ಬರೆದಿರುತ್ತಾಳೆ ಎಂದು ಡಾಕ್ಟರು.

ಇರುವ ಸಲೈನ್ ನಾಲ್ಕು ದಿನಕ್ಕೆ ಬರುತ್ತದೆ. ಕುಡಿಯಬಲ್ಲವರಿಗೆಲ್ಲ ಚಮಚದಲ್ಲಿ ಓ.ಆರ್.ಎಸ್. ಕುಡಿಸುತ್ತೇವೆ, ಬಾಟಲಿ ಮುಟ್ಟುವುದಿಲ್ಲ. ಇವತ್ತಿನಿಂದ ಯಾರಿಗೆ ಏರಿಸಬೇಕು, ಯಾರಿಗೆ ಬೇಡ ಎಂದು ನಾನು ಆರಿಸಬೇಕು. ಡಾಕ್ಟರು ಆ ಶಿಬಿರಕ್ಕೆ ಹೋದರೆ ನಾನೊಬ್ಬಳೇ ಆರಿಸಬೇಕು.

ಡಾಕ್ಟರು ಕೈಯಲ್ಲೇ ಬರೆದುಕೊಟ್ಟ ಲೆಕ್ಕ ಇದರ ಜೊತೆಗಿದೆ. ಲಾರಿಯನ್ನು ಈಗಲೇ ವಾಪಸು ಓಡಿಸುತ್ತಿದ್ದೇನೆ. ವರದಿ ತಪ್ಪು ಎಂದು ಬರೆಯಿರಿ. ಯಾರ ಕಾಲು ಹಿಡಿಯುತ್ತೀರೋ ಹಿಡಿಯಿರಿ. ಬರೆದರೆ ನಾನು ಮಳೆಗಾಲ ಮುಗಿಯುವವರೆಗೆ ಬರುವಂತಿಲ್ಲ ಎಂಬುದು ನನಗೆ ಗೊತ್ತು, ಅದನ್ನು ನೀವು ನನಗೆ ನೆನಪಿಸಬೇಡಿ.


ಏಪ್ರಿಲ್ 13

ನಿನಗೆ,

ನಮ್ಮ ಗೋದಾಮಿನಲ್ಲಿ ಬೇರೆ ಕೆಲಸಕ್ಕೆಂದು ಇಟ್ಟಿದ್ದ ಸಲೈನ್ ಅಷ್ಟನ್ನೂ ಇದೇ ಲಾರಿಗೆ ತುಂಬಿಸಿದ್ದೇನೆ. ಹೆಚ್ಚಿಲ್ಲ. ಡ್ರೈವರಣ್ಣ ಮಲಗಲೂ ಒಪ್ಪಲಿಲ್ಲ, ಮುಖ ತೊಳೆದುಕೊಂಡು ಹಾಗೇ ಹೊರಟಿದ್ದಾನೆ.

ಮೇಡಂ ಮುಂದೆ ಡಾಕ್ಟರ ಲೆಕ್ಕ ಇಟ್ಟೆ. ಬಹಳ ಹೊತ್ತು ನೋಡಿದರು. ಕೆಟ್ಟವರಲ್ಲ ಅವರು, ಅವರ ಭಯ ಅವರಿಗೆ. “ಕಳಿಸಿದ ವರದಿನ ನಾವೇ ಸುಳ್ಳು ಅಂದ್ರೆ, ಇನ್ಮೇಲೆ ನಮ್ಮನ್ನ ಯಾರು ನಂಬ್ತಾರೆ ಹೇಳಿ?” ಎಂದರು.

“ನಂಬೋದು ಬೇಡ ಮೇಡಂ. ಸಲೈನ್ ಕಳಿಸ್ಲಿ ಸಾಕು,” ಎಂದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅರ್ಧ ಗಂಟೆ ಆದ ಮೇಲೆ ಅವರೇ ಬಂದು, ಬರೆಯಿರಿ, ನಾನು ಸಹಿ ಹಾಕುತ್ತೇನೆ ಎಂದರು. ಬರೆಯುತ್ತಿದ್ದೇನೆ.

ನೀನು ಸುಳ್ಳು ಬರೆದೆ, ನಾನು ನಂಬಿದೆ, ಇಷ್ಟೇ ಆಗಿದ್ದರೆ ನಾನು ಇವತ್ತು ನಿನ್ನ ಮೇಲೆ ಸಿಟ್ಟಾಗಬಹುದಿತ್ತು. ನಾನು ಪೂರ್ತಿ ನಂಬಿರಲಿಲ್ಲ. ಕೂತಿದ್ದನ್ನೇ ನೋಡಿಲ್ಲ ಎಂದು ಡ್ರೈವರಣ್ಣ ಹೇಳಿದಾಗ ಮಂಚ ಖಾಲಿ ಇದ್ದರೆ ಹೀಗೇಕೆ ಎಂಬ ಅನುಮಾನ ತಲೆಯೆತ್ತಿತು. ತಮಾಷೆ ಮಾಡಿ ಅದರ ಬಾಯಿ ಮುಚ್ಚಿಸಿದೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವನು ಎಲ್ಲ ಹೇಳಿಬಿಡುತ್ತಿದ್ದ, ನಾನು ಕೇಳಲಿಲ್ಲ. ನನಗೆ ನೀನು ಬೇಕಾಗಿತ್ತು.


ಏಪ್ರಿಲ್ 24

ನಿನಗೆ,

ಈ ಲಾರಿ ತುಂಬಿದೆ. ಹಿಂದೆ ಇನ್ನೊಂದು ಬರುತ್ತಿದೆ.

ಮೊನ್ನೆ ದಾನಿಗಳ ಕಡೆಯ ನಾಲ್ವರು ಪರದೆಯ ಮೇಲೆ ಕಾಣಿಸಿಕೊಂಡು ವಿಚಾರಿಸಿದರು. ಮೊದಲ ವರದಿಗೆ ಏನು ಆಧಾರ ಎಂದರು. ನನ್ನ ಹೆಂಡತಿಯ ಕಾಗದಗಳು ಎಂದೆ. ಮೇಡಂ ಮೇಜಿನ ಕೆಳಗಿಂದ ನನ್ನ ಕಾಲು ತುಳಿದರು. ಅವರಲ್ಲೊಬ್ಬ ಹೆಂಗಸು, ನಿಮ್ಮಷ್ಟು ಅನುಭವ ಇರುವವರು ಅದನ್ನು ಪರಿಶೀಲಿಸದೆ ಹೇಗೆ ಬರೆದಿರಿ ಎಂದು ಕೇಳಿದರು. ಹತ್ತು ವರ್ಷದಿಂದ ಇಂಥ ಪ್ರಶ್ನೆಗಳಿಗೆ ನುಣುಪಾದ ಉತ್ತರ ಬರೆದುಕೊಟ್ಟವನು ನಾನು.

“ಅವಳು ಮನೆಗೆ ಬರಲಿ ಅಂತ ಇತ್ತು,” ಎಂದೆ.

ಆ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬೇರೆ ಪ್ರಶ್ನೆಗೆ ಹೋದರು.

ಮೂರನೇ ಕಂತು ಮಂಜೂರಾಗಿದೆ. ಸೆಪ್ಟೆಂಬರ್ ಮುಗಿಯುವವರೆಗೆ ಶಿಬಿರ ನಡೆಯುತ್ತದೆ. ಅಲ್ಲಿಯವರೆಗೆ ಇನ್‌ಚಾರ್ಜ್ ಬದಲಾಗಬಾರದು ಎಂದು ಷರತ್ತು ಹಾಕಿದ್ದಾರೆ. ಅದನ್ನು ಓದಿ, ಕೆಳಗೆ ‘ಒಪ್ಪಿದೆ’ ಎಂದು ಟೈಪ್ ಮಾಡಿದವನೂ ನಾನೇ. ನಿಮ್ಮ ಶಿಬಿರದ ಕಡತವನ್ನು ಇನ್ನು ಮುಂದೆ ನಾನು ಮುಟ್ಟುವಂತಿಲ್ಲ. ನನ್ನನ್ನು ಶಾಲಾ ಶೌಚಾಲಯಗಳ ವರದಿಗೆ ಹಾಕಿದ್ದಾರೆ. ಅಲ್ಲಿ ಯಾರೂ ನನಗೆ ನೆಂಟರಿಲ್ಲ.

ಚೂಟಿಗೆ ಹೇಳಿದೆ. ಸೆಪ್ಟೆಂಬರ್ ಎಂದರೆ ಎಷ್ಟು ದೂರ ಎಂದು ಕೇಳಿದಳು. ಎರಡನೇ ಕ್ಲಾಸಿಗೆ ಹೋಗಿರುತ್ತೀಯ ಎಂದೆ. ನಾಲಿಗೆಯಿಂದ ಹಲ್ಲನ್ನು ನೂಕಿ ತಾನೇ ಬೀಳಿಸಿಕೊಂಡಳು. ಅಳಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

ಇನ್ನು ನಿನ್ನ ಕಾಗದ ಬಂದರೆ ನಾನು ಅದನ್ನು ಓದುವುದು ಗಂಡನಾಗಿ ಮಾತ್ರ. ಹಾಗಾಗಿ ಒಂದು ಕೇಳುತ್ತೇನೆ. ಮಂಚ ಖಾಲಿ ಇದೆ ಎಂದೆ, ಅದು ಸುಳ್ಳು. ದರ್ಜಿ ಮನೆಗೆ ಹೋದ ಎಂದೆ, ಅದೂ ಸುಳ್ಳು. ಇಷ್ಟು ಕಾಗದಗಳಲ್ಲಿ ಒಂದು ಸಲವೂ ಮನೆಗೆ ಬರಬೇಕು ಎನ್ನಿಸುತ್ತದೆ ಎಂದು ನೀನು ಬರೆದಿಲ್ಲ. ನಾನು ತಿರುವಿ ತಿರುವಿ ಹುಡುಕಿದ್ದೇನೆ, ಎಲ್ಲೂ ಇಲ್ಲ. ಅದೂ ಆ ಸುಳ್ಳುಗಳ ಜೊತೆಯದೋ, ಅದೊಂದು ಮಾತ್ರ ನಿಜವೋ? ನಿಜವಾದರೂ ಬರಿ. ತಡೆದುಕೊಳ್ಳುತ್ತೇನೆ.


ಮೇ 2

ರೀ,

ಶಿಬಿರದ ವಿಷಯ ಮೊದಲು ಬರೆದುಬಿಡುತ್ತೇನೆ. ನೀವು ಕಳಿಸಿದ ಗೋದಾಮಿನ ಸಲೈನ್ ಬರುವ ಮೊದಲು ಇಬ್ಬರು ಹೋದರು. ಒಬ್ಬರು ವಯಸ್ಸಾದವರು, ಬಂದಾಗಲೇ ಏನೂ ಉಳಿದಿರಲಿಲ್ಲ. ಇನ್ನೊಬ್ಬಳು ನನ್ನ ವಯಸ್ಸಿನವಳು. ಕುಡಿಯುತ್ತಾಳೆ, ತಡೆಯುತ್ತಾಳೆ ಎಂದು ಬಾಟಲಿಯನ್ನು ಪಕ್ಕದವಳಿಗೆ ಏರಿಸಿದೆ. ಬೆಳಗಾಗುವಷ್ಟರಲ್ಲಿ ಅವಳ ನಾಡಿ ತಪ್ಪಿಹೋಯಿತು. ಸಲೈನ್ ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದರೆ ಡಾಕ್ಟರು ಹೇಳಲು ಬರುವುದಿಲ್ಲ ಎಂದರು. ನನಗೆ ಬರುತ್ತದೆ. ಉಳಿಯುತ್ತಿದ್ದಳು. ಇದು ನಿಮಗೊಬ್ಬರಿಗೆ ಭಾರ ಆಗಬಾರದು, ಅರ್ಧ ನನ್ನದು. ಅದಕ್ಕೇ ಮುಚ್ಚಿಡದೆ ಬರೆದೆ.

ಈಗ ನೀವು ಕೇಳಿದ್ದು.

ತುಂಬಿದ ಲಾರಿ ಬಂದ ದಿನ ಇಡೀ ಶಿಬಿರ ಹೊರಗೆ ಓಡಿಬಂತು. ಡಾಕ್ಟರು ಡ್ರೈವರಣ್ಣನನ್ನು ತಬ್ಬಿಕೊಂಡರು. ನಡೆಯಬಲ್ಲವರೆಲ್ಲ ಸಾಲಾಗಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಾನೂ ಸಾಲಿನಲ್ಲಿದ್ದೆ. ಒಂದೊಂದು ಪೆಟ್ಟಿಗೆ ಕೈಗೆ ಬಂದಾಗಲೂ, ಇದು ಖಾಲಿಯಾಗಲು ಎಷ್ಟು ದಿನ ಬೇಕು, ಅಷ್ಟು ದಿನ ನಾನು ಇಲ್ಲೇ ಎನ್ನಿಸುತ್ತಿತ್ತು. ಪೆಟ್ಟಿಗೆಗಳು ಮುಗಿಯುತ್ತಲೇ ಇಲ್ಲ. ಕೈಯಲ್ಲಿದ್ದದ್ದನ್ನು ಪಕ್ಕದವರಿಗೆ ಕೊಟ್ಟು, ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ. ಸಿಸ್ಟರಿಗೆ ಸಂತೋಷ ತಡೆಯಲಾಗಲಿಲ್ಲ ಎಂದು ಹೊರಗೆ ಯಾರೋ ಹೇಳುತ್ತಿದ್ದರು.

ನಾನೇ ಕೂಗಾಡಿ ತರಿಸಿಕೊಂಡದ್ದು ರೀ ಅದು. ಒಳಗೆ ಅಷ್ಟು ಜನ ಮಲಗಿದ್ದಾರೆ. ಆದರೂ ಆ ಕೋಣೆಯಲ್ಲಿ ಒಂದು ಕ್ಷಣ, ಈ ಲಾರಿ ಬರದಿದ್ದರೆ ಚೆನ್ನಾಗಿತ್ತು, ನೀವು ಆ ಸುಳ್ಳು ವರದಿಯನ್ನೇ ಹಾಗೇ ಬಿಟ್ಟುಬಿಡಬೇಕಿತ್ತು ಎಂದುಕೊಂಡೆ. ನನ್ನ ಮುಖ ನನಗೇ ನೋಡಿಕೊಳ್ಳಲಾಗಲಿಲ್ಲ. ಇಷ್ಟು ವರ್ಷ ನರ್ಸ್ ಆಗಿದ್ದೇನೆ, ಇಂಥ ಯೋಚನೆ ನನ್ನ ತಲೆಗೆ ಬಂದದ್ದು ಇದೇ ಮೊದಲು. ಆಮೇಲೆ ಮುಖ ತೊಳೆದುಕೊಂಡು ಹೋಗಿ ಬಾಟಲಿ ಏರಿಸಿದೆ.

ಮನೆಗೆ ಬರಬೇಕೆಂದು ಯಾಕೆ ಬರೆಯಲಿಲ್ಲ ಎಂದರೆ, ಬರೆದರೆ ಇಲ್ಲಿ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಮೊದಲ ಕಾಗದದಲ್ಲೇ ಬರೆದು, ಆ ಹಾಳೆ ಹರಿದು, ಜಡೆಯ ವಿಷಯದಿಂದ ಮತ್ತೆ ಶುರು ಮಾಡಿದೆ. ಪ್ರತಿ ಸಲವೂ ಹಾಗೇ ಮಾಡಿದ್ದೇನೆ. ಇವತ್ತು ಹರಿಯುವುದಿಲ್ಲ.

ಮಗು ಹಲ್ಲು ಬೀಳಿಸಿಕೊಂಡಾಗ ನಾನು ಅಲ್ಲಿರಬೇಕಿತ್ತು. ನೀವು ಆ ಪರದೆಯ ಮುಂದೆ ಕೂತಾಗ ಹೊರಗಿನ ಮೆಟ್ಟಿಲ ಮೇಲಾದರೂ ಇರಬೇಕಿತ್ತು. ಸಂಜೆ ನೀವು ಬಸ್ಸಿಳಿದು ಬರುವ ಹೊತ್ತಿಗೆ ನಾನು ಇಲ್ಲಿ ಏನು ಮಾಡುತ್ತಿದ್ದರೂ ಬಾಗಿಲ ಕಡೆ ತಿರುಗಿ ನೋಡುತ್ತೇನೆ, ಯಾರೂ ಇರುವುದಿಲ್ಲ ಎಂದು ಗೊತ್ತಿದ್ದೂ.

ಸೆಪ್ಟೆಂಬರ್‌ವರೆಗೆ ಬರಲಾರೆ, ಬಾ ಎಂದು ನೀವೂ ಕರೆಯಬೇಡಿ. ಆದರೆ ನನಗೆ ಮನೆಗೆ ಬರಬೇಕು ರೀ. ದಿನಾ ಬರಬೇಕು ಅನ್ನಿಸುತ್ತೆ.